ಒದ್ದೆ ಕೋಟಿನ ಹೆಂಗಸು

ಫೋಟೋ ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದರಲ್ಲಿರುವ ಕೋಟು ಕೋಟೇ, ಕಾಲರಿನ ಮೇಲಿರುವ ತುಪ್ಪಳ ತುಪ್ಪಳವೇ. ಆ ಕೋಟು ತೊಟ್ಟು, ಕೈಯಲ್ಲಿ ಖಾಲಿ ಚೀಲ ಹಿಡಿದು, ಬಡವರಿಗೆ ಹಿಟ್ಟು, ಬೇಳೆ, ಎಣ್ಣೆ ಹಂಚುವ ಕೇಂದ್ರದ ಸಾಲಿನಲ್ಲಿ ನಿಂತವಳು ಕಂಬಕ್ಕನೇ. ಯಾರೂ ಏನನ್ನೂ ತಿದ್ದಿಲ್ಲ. ಕೆಳಗೆ ಒಂದೇ ಒಂದು ಸಾಲು ಸೇರಿಸಿದ್ದರು: ‘ಇವರೇ ನೋಡಿ ನಮ್ಮೂರಿನ ಬಡವರು!’

ಅಷ್ಟು ಸಾಕಾಯಿತು. ಊರಿನ ಫೋನುಗಳಲ್ಲೆಲ್ಲ ಕಂಬಕ್ಕ ನಿಂತುಬಿಟ್ಟಳು. ಅವಳ ಕೆಳಗೆ ಊರಿಗೆ ಊರೇ ಬಂದು ಉಗುಳಿತು. ‘ನಾವು ತೆರಿಗೆ ಕಟ್ಟಿ ಸಾಯೋದು, ಇವರು ಕೋಟು ಹಾಕ್ಕೊಂಡು ಮೆರೆಯೋದು.’ ‘ಮೈಕೈ ನೋಡಿ ಸ್ವಾಮಿ, ಎರಡು ಹೊತ್ತು ಕಮ್ಮಿ ತಿಂದ್ರೆ ಒಳ್ಳೇದೇ ಆಗುತ್ತೆ.’ ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ.’ ‘ದುಡಿಯೋಕೆ ಸೋಮಾರಿತನ, ಪುಕ್ಕಟೆ ಅಂದ್ರೆ ಮೊದಲು ಓಡಿ ಬರ್ತಾರೆ.’ ಒಬ್ಬ ಪುಣ್ಯಾತ್ಮ ಅವಳಿಗೆ ಮೂರು ಮನೆ ಬಾಡಿಗೆ ಬರುತ್ತದೆ ಎಂದು ಬರೆದ. ಇನ್ನೊಬ್ಬ ಹೌದು, ಆ ಮನೆಗಳನ್ನು ನಾನೇ ನೋಡಿದ್ದೇನೆ ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕಂಬಕ್ಕನ ಮನೆ ಒಂದೇ ಕೋಣೆ. ಅದರ ಬಾಡಿಗೆಯನ್ನು ಅವಳೇ ಕಟ್ಟುತ್ತಾಳೆ.

ಕಂಬಕ್ಕ ಎಂದು ಹೆಸರು ಬಂದದ್ದು ಅವಳ ಎತ್ತರಕ್ಕೆ. ಭುಜ ಅಗಲ, ಬೆನ್ನು ನೆಟ್ಟಗೆ. ಅವಳಿಗೆ ಕೆಲಸ ಸಿಕ್ಕಿದ್ದೂ ಆ ಭುಜಕ್ಕೇ. ಕೆಲಸ ಲಾಂಡ್ರಿಯಲ್ಲಿ, ಅದೂ ಉಣ್ಣೆ ಕೋಟುಗಳದ್ದೇ ಲಾಂಡ್ರಿ. ಮುಂದೆ ಗಾಜಿನ ಬಾಗಿಲು, ಹೊಳೆಯುವ ಕೌಂಟರು, ‘ಕೈಯಲ್ಲೇ ತೊಳೆದು ಸಹಜವಾಗಿ ಒಣಗಿಸಲಾಗುತ್ತದೆ’ ಎಂಬ ಬೋರ್ಡು. ಹಿಂದೆ ಕತ್ತಲೆ ಕೋಣೆ, ಸಿಮೆಂಟಿನ ತೊಟ್ಟಿಗಳು, ಆಮೇಲೊಂದು ಅಂಗಳ. ಸಹಜವಾಗಿ ಎಂದರೆ ಹೇಗೆ ಎಂದು ಗಿರಾಕಿಗಳಲ್ಲಿ ಒಬ್ಬರೂ ಕೇಳಿದವರಲ್ಲ. ಕೇಳಿದ್ದರೆ ಕೋಟು ಕಸಿದುಕೊಂಡು ಹೋಗುತ್ತಿದ್ದರು.

ಒದ್ದೆ ಉಣ್ಣೆಯನ್ನು ಹ್ಯಾಂಗರಿಗೆ ಹಾಕಿದರೆ ಅದು ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ, ಭುಜದಲ್ಲಿ ಕೊಂಬು ಮೂಡುತ್ತದೆ. ಮಿಷನ್ನಿಗೆ ಹಾಕಿದರೆ ಮುದುಡುತ್ತದೆ. ಹರವಿದರೆ ಬೆನ್ನು ಚಪ್ಪಟೆ. ದರ್ಜಿ ಕೊಟ್ಟ ಆಕಾರ ಉಳಿಯಬೇಕಾದರೆ ಕೋಟು ಒಂದು ಮೈಮೇಲೆಯೇ ಒಣಗಬೇಕು. ಅದಕ್ಕೇ ಈ ಅಂಗಳದಲ್ಲಿ ಹೆಂಗಸರನ್ನು ಇಟ್ಟುಕೊಂಡಿರುವುದು. ತೊಳೆದು, ಹಿಂಡಿ, ತೊಟ್ಟಿಯಿಂದ ಎತ್ತಿದ ಕೋಟನ್ನು ಅವರು ತೊಡಬೇಕು. ತೊಟ್ಟು ನಡೆಯಬೇಕು. ಕೂರುವ ಹಾಗಿಲ್ಲ, ಮಡಿಕೆ ಬೀಳುತ್ತದೆ. ಒರಗುವ ಹಾಗಿಲ್ಲ. ಕೈಯನ್ನು ಮೈಯಿಂದ ಸ್ವಲ್ಪ ದೂರವೇ ಹಿಡಿದಿರಬೇಕು. ನೀರು ಒಳಗಿನ ಬಟ್ಟೆಗೆ ಇಳಿದು, ಅಲ್ಲಿಂದ ಚರ್ಮಕ್ಕೆ ಇಳಿದು, ಮೈಯ ಬಿಸಿಗೆ ಹಬೆಯಾಗಿ ಮೇಲೆದ್ದು ಮೂಗಿಗೇ ಬರುತ್ತದೆ. ನೆನೆದ ಕುರಿಯ ವಾಸನೆ. ಒಂದು ಒಣಗಿತೆನ್ನುವಾಗ ಇನ್ನೊಂದು ಒದ್ದೆ ಕೋಟು ಕಾದಿರುತ್ತದೆ.

ನಡುನಡುವೆ ಯಜಮಾನ ಬರುತ್ತಾನೆ. ಭುಜ ಒತ್ತುತ್ತಾನೆ, ಕಂಕುಳಲ್ಲಿ ಕೈ ಹಾಕುತ್ತಾನೆ, ಬೆನ್ನು ಸವರುತ್ತಾನೆ. ಕೆಟ್ಟ ಬುದ್ಧಿಯಿಂದಲ್ಲ. ಕೋಟು ಒಣಗಿದೆಯೋ ಎಂದು ನೋಡುತ್ತಾನೆ, ಅಷ್ಟೇ. ಒಳಗೊಬ್ಬಳು ಇದ್ದಾಳೆ ಎಂಬುದು ಅವನ ತಲೆಯಲ್ಲೇ ಇರುವುದಿಲ್ಲ. ಕೆಟ್ಟ ಬುದ್ಧಿಯಾದರೂ ಇದ್ದಿದ್ದರೆ ಮನುಷ್ಯಳೆಂದಾದರೂ ಲೆಕ್ಕಕ್ಕೆ ಬರುತ್ತಿದ್ದೆ ಎಂದು ಕಂಬಕ್ಕ ಒಮ್ಮೆ ಗುಂಡಿಯ ಹತ್ತಿರ ಹೇಳಿ ನಕ್ಕಿದ್ದಳು. ಗುಂಡಿ ಎಂದರೆ ಅದೇ ಲಾಂಡ್ರಿಯಲ್ಲಿ ಕಿತ್ತ ಗುಂಡಿ ಹೊಲಿಯುವವಳು. ಕಂಬಕ್ಕನ ಜೀವದ ಗೆಳತಿ.

ಕಂಬಕ್ಕನ ಅತ್ತೆ ಇದೇ ಅಂಗಳದಲ್ಲಿ ಪ್ರಾಯವೆಲ್ಲ ಸವೆಸಿದವಳು. ಯಜಮಾನನ ಅಪ್ಪನ ಕಾಲದಲ್ಲಿ ಸೇರಿದಳು, ಎದೆ ಕೆಟ್ಟು ಹೊರಬಿದ್ದಳು. ಈಗ ಹಾಸಿಗೆ ಹಿಡಿದಿದ್ದಾಳೆ. ಅವಳ ಮಗ, ಕಂಬಕ್ಕನ ಗಂಡ ಎನಿಸಿಕೊಂಡವನು, ಕೆಲಸ ಹುಡುಕಲು ಹೋಗಿ ಅಲ್ಲೇ ಇನ್ನೊಂದು ಮನೆ ಮಾಡಿದ. ಹೆತ್ತ ಮಗ ಬಿಟ್ಟರೂ ಸೊಸೆ ಬಿಡಲಿಲ್ಲ. ಮುದುಕಿಗೆ ಕಾಯಿಲೆ ಇರುವುದರಿಂದ ಆ ಮನೆಗೆ ಒಂದು ಕಾರ್ಡು ಸಿಕ್ಕಿತ್ತು. ತಿಂಗಳಿಗೊಮ್ಮೆ ಹಿಟ್ಟು, ಬೇಳೆ, ಎಣ್ಣೆ. ಅತ್ತೆಯ ಎದೆಯ ಕಾಯಿಲೆಗೆ ಔಷಧಿಯೂ ಆ ಕಾರ್ಡಿನ ಮೇಲೆಯೇ. ಕಂಬಕ್ಕನ ಸಂಬಳದಲ್ಲಿ ಬಾಡಿಗೆ ಕಟ್ಟಿದರೆ ಒಲೆ ಹೊತ್ತುವುದಿಲ್ಲ, ಒಲೆ ಹೊತ್ತಿಸಿದರೆ ಬಾಡಿಗೆ ಇಲ್ಲ. ಕಾರ್ಡು ಹೋದರೆ ಮುದುಕಿ ಉಳಿಯುವುದಿಲ್ಲ.

ಫೋಟೋದ ದಿನ ನಡೆದದ್ದು ಇಷ್ಟೇ. ಅವತ್ತು ಹಂಚುವ ದಿನ. ಕಂಬಕ್ಕನ ಮೈಮೇಲೆ ಆ ತುಪ್ಪಳದ ಕೋಟಿತ್ತು.

“ಯಜಮಾನ್ರೇ, ಒಂದು ಗಳಿಗೆ ಬಿಡಿ. ಇವತ್ತು ತಪ್ಪಿದ್ರೆ ಮುಂದಿನ ತಿಂಗಳೇ.”

“ಸಂಜೆ ಈ ಕೋಟಿನ ಅಮ್ಮಾವ್ರು ಬರ್ತಾರಲ್ಲ! ಈಗ ತೆಗೆದ್ರೆ ಹೆಗಲು ಹೋಯ್ತು.” ಯಜಮಾನ ಕಾಲರಿನ ಹಿಂದೆ ಬೆರಳು ತೂರಿಸಿ ನೋಡಿದ. “ಹಾಕ್ಕೊಂಡೇ ಹೋಗು. ಬಿಸಿಲಿದೆ, ಗಾಳಿ ಇದೆ, ನಡೆದ್ರೆ ಇನ್ನೂ ಬೇಗ ಒಣಗುತ್ತೆ. ಆದ್ರೆ ಎಲ್ಲೂ ಕೂತ್ಕೋಬೇಡ. ಚೀಲ ಮೈಗೆ ತಾಗಿಸ್ಬೇಡ.”

ಅವಳು ಹಾಗೇ ಹೋದಳು. ಚೀಲವನ್ನು ದೂರ ಹಿಡಿದು, ಕತ್ತು ನೆಟ್ಟಗೆ ಮಾಡಿ, ಮಹಾರಾಣಿಯ ಹಾಗೆ ಸಾಲಿನಲ್ಲಿ ನಿಂತಳು. ತಾನು ಏನು ತೊಟ್ಟಿದ್ದೇನೆ ಎಂಬ ಎಚ್ಚರವೇ ಅವಳಿಗಿರಲಿಲ್ಲ. ಮೂಟೆ ಹೊರುವವನಿಗೆ ಒಳಗೆ ಸಕ್ಕರೆ ಇದ್ದರೇನು, ಸುಣ್ಣ ಇದ್ದರೇನು? ಬೇರೆ ಯಾವ ಹೆಂಗಸೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಕೋಟನ್ನು ಹೊರೆ ಎಂದು ತಿಳಿದವಳಿಗೆ ಮಾತ್ರ ಇದು ಸಾಧ್ಯ.

ಫೋಟೋವನ್ನು ಮೊದಲು ತೋರಿಸಿದವಳು ಗುಂಡಿ. ಕಂಬಕ್ಕ ನೋಡಿದಳು, ನಕ್ಕಳು. “ಅಯ್ಯೋ, ಎಷ್ಟು ಚೆನ್ನಾಗಿ ಬಂದಿದ್ದೀನಲ್ಲೇ! ಯಾರೋ ದೊಡ್ಡ ಮನೆಯವಳ ಹಾಗೆ.” ಗುಂಡಿ ನಗಲಿಲ್ಲ. “ಕೆಳಗೆ ಏನು ಬರೆದಿದ್ದಾರೆ ಓದ್ಲಾ?” ಎಂದು ಓದಿದಳು. ಕಂಬಕ್ಕನ ನಗು ಅಲ್ಲಿಗೇ ನಿಂತಿತು. “ಇದನ್ನ ಹಾಕಿದ್ದು ಯಾರು?” ಎಂದು ಕೇಳಿದಳು.

“ಸುದ್ದಿಯಣ್ಣ.”

ಸುದ್ದಿಯಣ್ಣನೆಂದರೆ ಆ ಓಣಿಗಳಿಗೆ ದೇವರು. ಫೋನಿನಲ್ಲಿ ಊರಿನ ಸುದ್ದಿ ಹೇಳುವವನು. ಬೀದಿ ನಲ್ಲಿ ಕೆಟ್ಟು ನಿಂತಾಗ ಅದರ ಮುಂದೆ ನಿಂತು ಕೂಗಾಡಿ ಸರಿ ಮಾಡಿಸಿದವನು. ಲಾಂಡ್ರಿಯ ಹೆಂಗಸರು ಊಟದ ಹೊತ್ತಿಗೆ ಅವನ ಮಾತು ಕೇಳದೆ ತುತ್ತು ಎತ್ತುತ್ತಿರಲಿಲ್ಲ. ‘ಸುದ್ದಿಯಣ್ಣ ಹೇಳಿದಾನೆ’ ಎಂದರೆ ಮುಗಿಯಿತು, ಡಾಕ್ಟರ ಮಾತೂ ಅದರ ಕೆಳಗೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದನ್ನು ಫೋನು ಬಂದ ಮೇಲೆ ಯಾರು ಕೇಳುತ್ತಾರೆ?

ಮುಂದಿನ ತಿಂಗಳು ಕೇಂದ್ರದಲ್ಲಿ ಕಾರ್ಡು ಕೊಟ್ಟರೆ ಅಲ್ಲಿದ್ದವನು ಅದನ್ನು ತಿರುಗಿಸಿ ನೋಡಿ ಪಕ್ಕಕ್ಕೆ ಹಾಕಿದ. “ತಡೆ ಹಿಡಿದಿದ್ದಾರೆ. ವಿಚಾರಣೆ ಇದೆಯಂತೆ. ಪಕ್ಕಕ್ಕೆ ನಿಲ್ಲಮ್ಮ.” ಹಿಂದೆ ನಿಂತ ಹೆಂಗಸು, ಅವಳ ಸೀರೆಗೂ ಇವಳ ಸೀರೆಗೂ ತೇಪೆಯಲ್ಲಿ ಪೈಪೋಟಿ, ಪಕ್ಕದವಳಿಗೆ ಕೇಳಿಸುವ ಹಾಗೆಯೇ ಹೇಳಿದಳು: “ಇಂಥೋರಿಂದಲೇ ನಮ್ಮಂಥೋರಿಗೆ ಕೆಟ್ಟ ಹೆಸರು.”

ಆ ಮಾತು ಕಂಬಕ್ಕನಿಗೆ ನಾಟಿತು. ಕೋಟಿನವರು ಬೈದರೆ ಬೈಯಲಿ. ಇವಳೂ ನಂಬಿದಳಲ್ಲ!

ಯಜಮಾನನ ಹತ್ತಿರ ಹೋದಳು. “ನಿಮ್ಮದೊಂದು ಮಾತು ಸಾಕು ಯಜಮಾನ್ರೇ. ಕೋಟು ಅಂಗಡೀದು, ಒಣಗಿಸೋಕೆ ನಾನೇ ಹಾಕಿಸಿ ಕಳಿಸಿದ್ದೆ ಅಂತ ಅಂದುಬಿಡಿ.”

“ಅಯ್ಯೋ, ಅದೇನು ದೊಡ್ಡ ವಿಷಯ! ವಿಚಾರಣೆ ದಿನ ನಾನೇ ಬರ್ತೀನಿ. ನಾನಿಲ್ವಾ? ನಿಮ್ಮತ್ತೆ ನಮ್ಮಪ್ಪನ ಕಾಲದೋಳು, ನೀನು ಮನೆಯವಳ ಹಾಗೆ. ಹೋಗು, ಕೆಲಸ ನೋಡು.”

ಅವಳು ಹೋಗಿ ಒದ್ದೆ ಕೋಟು ತೊಟ್ಟಳು. ಮನಸ್ಸು ಹಗುರವಾಗಿತ್ತು. ಇರಲಿ, ಸುದ್ದಿಯಣ್ಣನಿಗೂ ಹೇಳಿಬಿಡೋಣ, ಪಾಪ ಅವನಿಗೆ ಗೊತ್ತಿಲ್ಲದೆ ಹಾಕಿದ್ದಾನೆ ಎಂದುಕೊಂಡಳು. ನಲ್ಲಿ ಸರಿ ಮಾಡಿಸಿದವನು ಇದನ್ನು ಸರಿ ಮಾಡಿಸುವುದಿಲ್ಲವೇ?

ಸುದ್ದಿಯಣ್ಣ ಕುರ್ಚಿ ಕೊಟ್ಟ. ಚಹಾ ತರಿಸಿದ. “ಅಕ್ಕ, ಹೆದರ್ಬೇಡಿ. ಎಲ್ಲ ಬಿಡಿಸಿ ಹೇಳಿ” ಎಂದು ಫೋನನ್ನು ಎದುರಿಗೆ ನಿಲ್ಲಿಸಿದ. ಅವಳು ಎಲ್ಲ ಬಿಡಿಸಿ ಹೇಳಿದಳು. ತೊಟ್ಟಿ, ಅಂಗಳ, ಕೊಂಬು, ಹಬೆ, ಅತ್ತೆಯ ಎದೆ, ಯಜಮಾನ ‘ಹಾಕ್ಕೊಂಡೇ ಹೋಗು’ ಎಂದದ್ದು. ಅವನು ತಲೆಯಾಡಿಸುತ್ತಾ ಕೇಳಿದ. ಒಮ್ಮೆ ಅವನ ಕಣ್ಣೂ ಒದ್ದೆಯಾದ ಹಾಗೆ ಕಂಡಿತು. ಇಷ್ಟು ಹೊತ್ತು ಕೂತು ತನ್ನ ಮಾತನ್ನು ಯಾರೂ ಯಾವತ್ತೂ ಕೇಳಿರಲಿಲ್ಲ ಎಂದು ಕಂಬಕ್ಕ ಅತ್ತೆಗೆ ಬಂದು ಹೇಳಿದಳು. ಹೆಮ್ಮೆಯಿಂದ ಹೇಳಿದಳು, ಹುಚ್ಚಿ.

ಮಾರನೆಯ ದಿನ ಊಟದ ಹೊತ್ತಿಗೆ ಲಾಂಡ್ರಿಯ ಹೆಂಗಸರೆಲ್ಲ ಸುತ್ತ ಕೂತು ನೋಡಿದರು. ಕಂಬಕ್ಕ ಕುರ್ಚಿಯಲ್ಲಿ ಕೂತಿದ್ದಾಳೆ, ಕೈಯಲ್ಲಿ ಚಹಾ. “ಹೌದು, ಕೋಟು ನಾನೇ ಹಾಕ್ಕೊಂಡಿದ್ದೆ” ಎನ್ನುತ್ತಾಳೆ. ಮತ್ತೆ, “ದಿನಾ ಹಾಕ್ಕೋತೀನಿ” ಎನ್ನುತ್ತಾಳೆ. ಅಷ್ಟೇ. ಆಮೇಲೆ ಸುದ್ದಿಯಣ್ಣ ಬಂದು, “ಕೇಳಿದ್ರಲ್ಲ ವೀಕ್ಷಕರೇ, ಒಂದಿಷ್ಟು ನಾಚಿಕೆ ಬೇಡವೇ?” ಎಂದ. ತೊಟ್ಟಿ ಇಲ್ಲ, ಅಂಗಳ ಇಲ್ಲ, ಯಜಮಾನನ ಸುಳಿವೇ ಇಲ್ಲ. ಆ ಕಾರ್ಯಕ್ರಮದ ಕೊನೆಯಲ್ಲಿ ಲಾಂಡ್ರಿಯ ಜಾಹೀರಾತು ಬಂತು, ಕೈಯಲ್ಲೇ ತೊಳೆದು ಸಹಜವಾಗಿ ಒಣಗಿಸಲಾಗುತ್ತದೆ. ಅದು ಮೊದಲೂ ಬರುತ್ತಿತ್ತು. ಕಂಬಕ್ಕ ಅದನ್ನು ಗಮನಿಸಿದ್ದು ಇವತ್ತು.

“ನಂಬಿಸಿ ಕುತ್ತಿಗೆ ಕೊಯ್ದನಲ್ಲೇ” ಎಂದಳು. ಗುಂಡಿ ಅವಳ ಕೈ ಹಿಡಿದುಕೊಂಡಳು. “ವಿಚಾರಣೆಗೆ ನಾನೂ ಬರ್ತೀನಿ. ನಾನು ಕಣ್ಣಾರೆ ನೋಡಿದೀನಿ, ಹೇಳ್ತೀನಿ. ಯಾರಪ್ಪನ ಭಯ ನನಗೆ?”

ವಿಚಾರಣೆ ನಡೆದದ್ದು ಕಾರ್ಡು ಕೊಡುವ ಕಚೇರಿಯ ಒಂದು ಸಣ್ಣ ಕೋಣೆಯಲ್ಲಿ. ಮೇಜಿನ ಹಿಂದೆ ಸಾಹೇಬರು. ಒಂದು ಪಕ್ಕ ಯಜಮಾನ, ಇಸ್ತ್ರಿ ಮುರಿಯದ ಅಂಗಿ. ಮೂಲೆಯಲ್ಲಿ ಸುದ್ದಿಯಣ್ಣ, ಫೋನು ಎತ್ತಿ ಹಿಡಿದಿದ್ದ. ಜನರಿಗೆ ತಿಳಿಯಬೇಕಲ್ಲ ಎಂದು ಸಾಹೇಬರೇ ಕರೆಸಿದ್ದರಂತೆ. ಕಂಬಕ್ಕ ನಿಂತಳು. ಕೂರು ಎಂದು ಯಾರೂ ಹೇಳಲಿಲ್ಲ. ಅವಳಿಗೆ ಕೂರದೆ ಇರುವುದು ಅಭ್ಯಾಸವಾಗಿತ್ತು.

“ಹೇಳಿ, ಕೋಟಿನ ವಿಷಯ ಏನು?” ಎಂದು ಸಾಹೇಬರು ಯಜಮಾನನನ್ನು ಕೇಳಿದರು.

ಯಜಮಾನ ನಿಟ್ಟುಸಿರು ಬಿಟ್ಟ. “ಏನು ಹೇಳಲಿ ಸಾರ್. ಗಿರಾಕಿ ಕೋಟು. ಅವರೇ ಫೋಟೋ ನೋಡಿ ನನ್ನ ಅಂಗಡಿಗೆ ಬಂದು ಕೂಗಾಡಿದ್ರು, ನನ್ನ ಕೋಟು ಅವಳ ಮೈಮೇಲೆ ಹೇಗೆ ಬಂತು ಅಂತ. ನನಗೆ ಗೊತ್ತಿಲ್ಲದೆ ತೆಗೆದುಕೊಂಡು ಹೋಗಿದಾಳೆ. ಪಾಪ, ಹೆಂಗಸಲ್ವಾ, ಆಸೆ. ನಾನು ಪೊಲೀಸಿಗೆ ಕೊಡಲಿಲ್ಲ. ಕೆಲಸದಿಂದ್ಲೂ ತೆಗೆಯಲ್ಲ. ನಮ್ಮಪ್ಪನ ಕಾಲದಿಂದ ಉಪ್ಪು ತಿಂದ ಮನೆ.”

ಕಂಬಕ್ಕ ಒಂದು ಹೆಜ್ಜೆ ಮುಂದೆ ಬಂದಳು. “ಯಜಮಾನ್ರೇ! ನೀವೇ ಅಲ್ವಾ ಹಾಕ್ಕೊಂಡೇ ಹೋಗು ಅಂದಿದ್ದು?” ಅವನು ಸಾಹೇಬರ ಕಡೆ ನೋಡಿ ಕೈ ಚೆಲ್ಲಿದ, ಇವಳಿಗೆ ಏನು ಹೇಳೋದು ಎನ್ನುವ ಹಾಗೆ.

“ಗುಂಡಿ, ನೀನು ಹೇಳೇ.”

ಗುಂಡಿ ಬಾಗಿಲ ಹತ್ತಿರ ನಿಂತಿದ್ದಳು. ಯಜಮಾನ ತಿರುಗಿ ಅವಳನ್ನು ಒಮ್ಮೆ ನೋಡಿದ. ಗುಂಡಿ ನೆಲ ನೋಡಿದಳು. “ನಾನು ಒಳಗೆ ಗುಂಡಿ ಹೊಲಿಯೋಳು ಸಾರ್. ಅಂಗಳದ ಕಡೆ ಏನಾಗುತ್ತೋ ನನಗೆ ಗೊತ್ತಾಗಲ್ಲ.”

ಕಂಬಕ್ಕ ಸಾಹೇಬರ ಕಡೆ ತಿರುಗಿದಳು. ಬೇಲಿಯೇ ಎದ್ದು ಹೊಲ ಮೇಯಿತಲ್ಲ. ಇನ್ನು ಯಾರಿದ್ದಾರೆ? ಅತ್ತೆ ಇದ್ದಾಳೆ. “ಸಾರ್, ನಮ್ಮತ್ತೆ ಅಲ್ಲೇ ಕೆಲಸ ಮಾಡ್ದೋರು. ಇದೇ ಕೆಲಸ. ಅವರನ್ನ ಕೇಳಿ, ಹಾಸಿಗೆಯಲ್ಲಿದ್ದಾರೆ, ಮನೆಗೇ ಬಂದು ಕೇಳಿ.”

“ಕೇಳಿ ಆಯ್ತಮ್ಮ” ಎಂದರು ಸಾಹೇಬರು. ಸುದ್ದಿಯಣ್ಣ ಮುಂದೆ ಬಂದು ಫೋನನ್ನು ಮೇಜಿನ ಮೇಲೆ ಇಟ್ಟ. ಅದರಲ್ಲಿ ಅತ್ತೆ ಇದ್ದಳು. ಬೆಳಗಿನ ಬಿಸಿಲು ಕಿಟಕಿಯಿಂದ ಅವಳ ದಿಂಬಿನ ಮೇಲೆ ಬಿದ್ದಿತ್ತು. ಕಂಬಕ್ಕ ತಾನೇ ಬಾಚಿ ಕಟ್ಟಿದ ತಲೆ. “ನನ್ನ ಸೊಸೆ ಹೇಳದೆ ಕೇಳದೆ ಕೋಟು ತಗೊಂಡು ಹೋದಳು. ಯಜಮಾನ್ರದ್ದು ಏನೂ ತಪ್ಪಿಲ್ಲ. ಅವರು ದೇವರಂಥೋರು” ಎಂದಳು ಅತ್ತೆ. ಪಾಠ ಒಪ್ಪಿಸುವ ಹಾಗೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಸುದ್ದಿಯಣ್ಣ ಅದನ್ನು ಕತ್ತರಿಸಲು ಮರೆತಿದ್ದ.

ಕಂಬಕ್ಕನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

ಸಾಹೇಬರು ಕೆಟ್ಟವರಲ್ಲ. ಮೆತ್ತಗೇ ಹೇಳಿದರು. “ನೋಡಮ್ಮ, ಜನಕ್ಕೆ ಉತ್ತರ ಕೊಡಬೇಕಾದವನು ನಾನು. ಊರೆಲ್ಲ ನೋಡಿದೆ ಆ ಫೋಟೋನ. ನೀನು ಈ ಫೋನಿನ ಮುಂದೆ ತಪ್ಪಾಯ್ತು ಅಂದುಬಿಡು. ಹೇಳದೆ ಕೋಟು ತಗೊಂಡೆ, ಇನ್ನು ಮೇಲೆ ಹಾಗೆ ಮಾಡಲ್ಲ ಅಂತ. ಎರಡೇ ಮಾತು. ಕಾರ್ಡು ಇವತ್ತೇ ಬಿಡಿಸ್ತೀನಿ.”

“ಅಂದುಬಿಡೇ, ಏನು ಗಂಟು ಹೋಗುತ್ತೆ” ಎಂದಳು ಗುಂಡಿ ಹಿಂದಿನಿಂದ.

“ಅನ್ನು, ನಾನು ಮನಸ್ಸಲ್ಲಿ ಇಟ್ಕೊಳ್ಳಲ್ಲ” ಎಂದ ಯಜಮಾನ.

ಸುದ್ದಿಯಣ್ಣ ಫೋನನ್ನು ಅವಳ ಮುಖಕ್ಕೆ ಹಿಡಿದ. “ಅಕ್ಕ, ಸ್ವಲ್ಪ ಬೆಳಕಿನ ಕಡೆ ತಿರುಗಿ.”

ಕಂಬಕ್ಕ ಬೆಳಕಿನ ಕಡೆ ತಿರುಗಿದಳು. ಬಾಯಿ ತೆರೆದಳು. ಹಿಟ್ಟಿನ ಡಬ್ಬಿಯ ತಳ ಕಣ್ಣ ಮುಂದೆ ಬಂತು, ಔಷಧಿಯ ಖಾಲಿ ಬಾಟಲಿ ಬಂತು. ತಪ್ಪಾಯ್ತು ಎನ್ನಲು ನಾಲಿಗೆ ಎತ್ತಿದಳು. ಎತ್ತಿದ್ದು ನಿಜ. ಆದರೆ ಕಿವಿಯಲ್ಲಿ ಆ ಕೆಮ್ಮು ಇನ್ನೂ ಇತ್ತು.

“ಆ ಕೆಮ್ಮು ಇನ್ನೊಂದ್ಸಲ ಹಾಕಿ” ಎಂದಳು.

“ಏನು?”

“ಮಾತು ಬೇಡ. ಕೆಮ್ಮು ಹಾಕಿ.”

ಸುದ್ದಿಯಣ್ಣ ಸಾಹೇಬರ ಮುಖ ನೋಡಿದ. ಸಾಹೇಬರು ಏನೋ ಎಂದುಕೊಂಡು ತಲೆಯಾಡಿಸಿದರು. ಫೋನಿನಿಂದ ಮುದುಕಿ ಕೆಮ್ಮಿದಳು. ಕಿತ್ತು ಬರುವ ಕೆಮ್ಮು. ಕೋಣೆ ತುಂಬಿತು.

“ಯಜಮಾನ್ರೇ, ಒಂದಿನ ಕದ್ದು ಕೋಟು ಹಾಕ್ಕೊಂಡ್ರೆ ಇಂಥ ಕೆಮ್ಮು ಬರುತ್ತಾ? ಪ್ರಾಯವೆಲ್ಲ ನಿಮ್ಮ ಒದ್ದೆ ಕೋಟು ಹೊತ್ತಿದ್ದಕ್ಕೆ ಬಂದದ್ದು ಇದು. ನಿಮ್ಮ ಅಪ್ಪ ಕೊಟ್ಟದ್ದು ಅವರಿಗೆ. ನೀವು ಕೊಡ್ತಿರೋದು ನನಗೆ. ಸಾರ್, ನನ್ನ ಬೆನ್ನು ಮುಟ್ಟಿ ನೋಡಿ. ಈ ಬಟ್ಟೆ ಈಗ್ಲೂ ಒದ್ದೆ. ಬೆಳಿಗ್ಗೆ ಎರಡು ಕೋಟು ಒಣಗಿಸಿ ಬಂದಿದೀನಿ. ನಾನು ಸೋಮಾರಿನಾ? ಅಣ್ಣ, ಇದನ್ನ ಹಾಕ್ತೀಯಾ ನಿನ್ನ ಸುದ್ದಿಯಲ್ಲಿ? ಹಾಕಲ್ಲ. ಗೊತ್ತು ನನಗೆ.”

“ಅಮ್ಮಾ, ಕಾರ್ಡಿನ ವಿಷಯ…” ಎಂದರು ಸಾಹೇಬರು.

“ತಪ್ಪಾಯ್ತು ಅನ್ನಲ್ಲ ಸಾರ್. ನಾನು ತಪ್ಪು ಮಾಡಿಲ್ಲ. ಕಾರ್ಡು ಇಟ್ಕೊಳ್ಳಿ.”

ಹೊರಗೆ ಬಂದಳು. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ದವಡೆ ಹೋದರೆ ಹೋಯಿತು ಎಂದು ನಡೆದಳು.

ಮನೆಯಲ್ಲಿ ಅತ್ತೆ ಗೋಡೆಗೆ ಒರಗಿ ಕಾಯುತ್ತಿದ್ದಳು. “ಕಾರ್ಡು ಕೊಟ್ರೇನೇ?”

“ಇಲ್ಲ.”

“ಇಲ್ವಾ? ಅವರು ಹೇಳಿಕೊಟ್ಟ ಹಾಗೇ ಹೇಳಿದ್ನಲ್ಲೇ ನಾನು! ಹಾಗಂದ್ರೆ ಕಾರ್ಡು ಉಳಿಯುತ್ತೆ ಅಂದ್ರು. ಔಷಧಿ ಕೊಡಿಸ್ತೀನಿ ಅಂದ್ರು. ಯಜಮಾನ್ರೇ ಬಂದಿದ್ರು ಕಣೇ ಇಲ್ಲಿಗೆ, ಇದೇ ಚಾಪೆ ಮೇಲೆ ಕೂತಿದ್ರು. ನಾನು ಬಿದ್ದುಕೊಂಡು ಇಷ್ಟು ವರ್ಷ ಆದ್ರೂ ಒಂದಿನ ಇಣುಕದೋರು. ಹೇಗಿದೀಯಮ್ಮ ಅಂದ್ರು ನನ್ನನ್ನ.”

ಮುದುಕಿಯ ಮುಖದಲ್ಲಿ ಇನ್ನೂ ಆ ಸಂಭ್ರಮ ಇತ್ತು. ಕಂಬಕ್ಕ ಅದನ್ನು ನೋಡಿದಳು. “ನಿಮ್ಮ ಮಗ ಬಿಟ್ಟು ಹೋದಾಗ ಇಷ್ಟು ನೋವಾಗಿರಲಿಲ್ಲ ಅತ್ತೆ” ಎಂದಳು.

ಬಾಗಿಲಲ್ಲಿ ನೆರಳು ಆಡಿತು. ಗುಂಡಿ. ಒಳಗೆ ಬರಲಿಲ್ಲ. “ಯಜಮಾನ್ರು ಹೇಳಿ ಕಳಿಸಿದ್ರು. ಉದ್ದ ಕೋಟುಗಳು ತೊಟ್ಟಿಯಿಂದ ತೆಗೆದು ಇಟ್ಟಿದೆ, ಬೇರೆ ಯಾರಿಗೂ ಅಳತೆ ಆಗ್ತಿಲ್ಲ. ಆದದ್ದೆಲ್ಲ ಮರೆತುಬಿಡು, ಈಗ್ಲೇ ಬಾ ಅಂದ್ರು.”

“ಅವರ ಭುಜ ಏನು ಸಣ್ಣದಾ? ಅವರೇ ಹಾಕ್ಕೊಳ್ಳಲಿ ಅನ್ನು. ಅಂಗಳದಲ್ಲಿ ಓಡಾಡಲಿ. ಕೂತ್ಕೋಬಾರದು ಅಂತಾನೂ ನೆನಪು ಮಾಡು.”

“ಹಾಗಂತ ನಾನು ಹೋಗಿ ಹೇಳೋಕಾಗುತ್ತೇನೇ?”

“ಆಗಲ್ಲ. ನಿನ್ನ ಕೈಲಿ ಏನಾಗುತ್ತೆ ಏನಾಗಲ್ಲ ಅಂತ ಇವತ್ತು ನೋಡಿದ್ನಲ್ಲ. ನಾನು ಇನ್ನು ಆ ಅಂಗಳಕ್ಕೆ ಕಾಲಿಡಲ್ಲ. ಅಷ್ಟು ಹೇಳು, ಸಾಕು.”

“ನಾಳೆಗೆ ಏನು ತಿಂತೀರೇ?” ಗುಂಡಿ ಅಳುತ್ತಿದ್ದಳು.

“ಗೊತ್ತಿಲ್ಲ” ಎಂದು ಕಂಬಕ್ಕ ಬಾಗಿಲು ಮುಂದೆ ಮಾಡಿದಳು.

ಒಳಗೆ ಅತ್ತೆಗೆ ಕೆಮ್ಮು ಎದ್ದಿತು. ಉಸಿರು ಸಿಕ್ಕಿಕೊಂಡು ಕಣ್ಣು ಮೇಲಾಯಿತು. ಕಂಬಕ್ಕ ಓಡಿ ಹೋಗಿ ಅವಳನ್ನು ಎತ್ತಿ ಮುಂದಕ್ಕೆ ಬಗ್ಗಿಸಿದಳು, ಒಂದು ಕೈಯಲ್ಲಿ ಎದೆ ಹಿಡಿದು ಇನ್ನೊಂದು ಕೈಯಲ್ಲಿ ಬೆನ್ನು ತಟ್ಟಿದಳು. ಮುದುಕಿಯ ಮೈಯಲ್ಲಿ ಮೂಳೆಯಲ್ಲದೆ ಇನ್ನೇನೂ ಉಳಿದಿರಲಿಲ್ಲ. ತಟ್ಟಿದಳು, ಇನ್ನೂ ತಟ್ಟಿದಳು. ಕೊನೆಗೆ ಉಸಿರು ತಿರುಗಿತು.

ಅತ್ತೆ ಸೊಸೆಯ ತೋಳು ಹಿಡಿದುಕೊಂಡಳು. “ನನ್ನ ಮೇಲೆ ಕೋಪಾನೇನೇ?”

ಕಂಬಕ್ಕ ಬಟ್ಟಲು ತಂದು ಅವಳ ಬಾಯಿಗೆ ಹಿಡಿದಳು.

“ಕೋಪ ಇಲ್ಲ. ನಂಬಿಕೆ ಇಲ್ಲ, ಅಷ್ಟೇ. ಉಗುಳಿ, ಅತ್ತೆ.”